ಹಳೆ ಕಂಪ್ಯೂಟರ್ ಮಾಲು ಮಾರುವುದನ್ನು ಕಂಪನಿ ತಡೆಯಬಹುದಾ? ಹುಬ್ಬಳ್ಳಿ-ಧಾರವಾಡ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪೀಕರ್ ರಸ್ತೆಯ ಅಂಗಡಿಯವರು, ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು, ಗದಗ-ಬೆಟಗೇರಿಯ ಪ್ರೆಸ್‌ನವರು, ಹಾವೇರಿಯ ಜೆರಾಕ್ಸ್ ಅಂಗಡಿಯವರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಮಾಲು ಇಲ್ಲದಿದ್ದರೆ ನಮ್ಮ ಕಡೆ ಎಷ್ಟೋ ಮಕ್ಕಳ ಕೈಗೆ ಲ್ಯಾಪ್‌ಟಾಪ್ ಬರುವುದೇ ಇಲ್ಲ. ಈ ವ್ಯಾಪಾರ ಹೆದರಿಕೆ ಇಲ್ಲದೆ, ಮೋಸ ಇಲ್ಲದೆ ನಡೆಯಬೇಕು ಅನ್ನುವುದು ನನ್ನ ಆಸೆ. ದೊಡ್ಡ ಮೊತ್ತದ ವ್ಯವಹಾರವಾದರೆ ಕಾಗದಪತ್ರ ಹಿಡಿದುಕೊಂಡು ನಿಮ್ಮ ವಕೀಲರನ್ನು ಕಾಣಿ.

## ಮೊದಲು ತಿಳಿಯಬೇಕಾದವು

ನಾ ರೊಕ್ಕಾ ಕೊಟ್ಟು ತಗೊಂಡ ಲ್ಯಾಪ್‌ಟಾಪ್ ಮಾರಾಕ ಕಂಪನಿ ಪರ್ಮಿಷನ್ ಬೇಕೇನ್ರಿ?

ಬೇಡ. ಹಣ ಕೊಟ್ಟು, ಬಿಲ್ ಪಡೆದು, ಮಾಲು ಕೈಗೆ ಬಂದ ಮೇಲೆ ಅದರ ಮಾಲೀಕರು ನೀವು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾಲೀಕತ್ವ ನಿಮಗೆ ಬಂದುಬಿಟ್ಟಿದೆ. ನೀವು ಮಾರಿ, ತಮ್ಮನಿಗೆ ಕೊಡಿ, ಬಿಚ್ಚಿ ಬಿಡಿಭಾಗವಾಗಿ ಮಾರಿ, ತಯಾರಕರನ್ನು ಕೇಳಬೇಕಿಲ್ಲ.

ಎರಡು ಕಡೆ ಮಾತ್ರ ಸ್ವಲ್ಪ ನಿಂತು ನೋಡಿ. ಇಎಂಐ ಇನ್ನೂ ಬಾಕಿ ಇದ್ದರೆ ಸಾಲದ ಪತ್ರದಲ್ಲಿ ಏನಿದೆ ಓದಿ. ಸರ್ಕಾರದ ಯೋಜನೆಯಲ್ಲಿ ಉಚಿತವಾಗಿ ಬಂದ ಲ್ಯಾಪ್‌ಟಾಪ್ ಆಗಿದ್ದರೆ, ಕೊಡುವಾಗ ಮುಚ್ಚಳಿಕೆ ಬರೆಸಿಕೊಂಡಿದ್ದಾರಾ ನೋಡಿ. ಅಲ್ಲಿ ನಿಮ್ಮನ್ನು ಕಟ್ಟಿಹಾಕುವುದು ನೀವೇ ಸಹಿ ಮಾಡಿದ ಆ ಕಾಗದ. ತಯಾರಕರಿಗೂ ಅದಕ್ಕೂ ಸಂಬಂಧವಿಲ್ಲ.

ಹಾರ್ಡ್ ಡಿಸ್ಕ್, ಮದರ್‌ಬೋರ್ಡ್ ಅಂದ್ರೆ ತಗಡು, ತಾಮ್ರ ಅಷ್ಟೇ ಅಲ್ವಾ? ಅದರಲ್ಲಿ ಕಾಪಿರೈಟ್ ಎಲ್ಲಿಂದ ಬಂತು?

ತಗಡಿಗೆ, ತಾಮ್ರಕ್ಕೆ ಕಾಪಿರೈಟ್ ಇಲ್ಲ. ಆದರೆ ಹಾರ್ಡ್ ಡಿಸ್ಕ್‌ನ ಹಸಿರು ಬೋರ್ಡಿನ ಮೇಲಿರುವ ಸಣ್ಣ ಚಿಪ್‌ನಲ್ಲಿ ಫರ್ಮ್‌ವೇರ್ ಇರುತ್ತದೆ. ಮದರ್‌ಬೋರ್ಡ್‌ನಲ್ಲಿ ಬಯಾಸ್ ಇರುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗೆ ಅದರದ್ದೇ ಬಯಾಸ್, ಪ್ರೊಸೆಸರ್ ಒಳಗೆ ಮೈಕ್ರೋಕೋಡ್. ಇವೆಲ್ಲ ಪ್ರೋಗ್ರಾಂಗಳು. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದೆ. ಚಿಪ್‌ನಲ್ಲಿ ಕೂತಿರುವ ಪ್ರೋಗ್ರಾಂಗೂ ಕಾಪಿರೈಟ್ ಇದೆಯಾ ಅನ್ನುವ ಜಗಳ ಅಮೆರಿಕದಲ್ಲಿ 1983ರಲ್ಲೇ ನಡೆದಿತ್ತು. ಆಪಲ್ ಮತ್ತು ಫ್ರಾಂಕ್ಲಿನ್ ಕಂಪನಿಗಳ ಆ ಕೇಸಿನಲ್ಲಿ ಕೋರ್ಟ್ ಇದೆ ಎಂದಿತು.

ಚಿಪ್‌ನ ಒಳಗಿನ ವಿನ್ಯಾಸಕ್ಕೆ ನಮ್ಮಲ್ಲಿ ಬೇರೆ ಕಾಯ್ದೆ ಇದೆ, 2000ನೇ ಇಸವಿಯದು. ನೋಂದಾಯಿಸಿದ ವಿನ್ಯಾಸಕ್ಕೆ ಅದು 10 ವರ್ಷ ರಕ್ಷಣೆ ಕೊಡುತ್ತದೆ. ವಿನ್ಯಾಸವನ್ನು ನಕಲು ಮಾಡಿ ಚಿಪ್ ತಯಾರಿಸುವವರು ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಅದು. ಹಳೆ ಬೋರ್ಡ್ ಮಾರುವವರಿಗೆ ಅದರ ಚಿಂತೆ ಕಡಿಮೆ.

ಕಾಪಿರೈಟ್ ಇದೆ ಅಂದಮೇಲೆ ಮಾರೋದನ್ನ ತಡೀಬಹುದಲ್ವಾ?

ಎಲ್ಲರೂ ಎಡವುವ ಜಾಗ ಇದು. ಕಾಪಿರೈಟ್ ಅಂದರೆ ಮುಖ್ಯವಾಗಿ ನಕಲು ಮಾಡುವ ಹಕ್ಕು. ನೀವು ಪುಸ್ತಕ ಕೊಂಡರೆ ಅದನ್ನು ಜೆರಾಕ್ಸ್ ಮಾಡಿ ಮಾರುವ ಹಾಗಿಲ್ಲ, ಆದರೆ ಆ ಪುಸ್ತಕವನ್ನೇ ರದ್ದಿ ಅಂಗಡಿಗೆ ಹಾಕಬಹುದು. ಒಂದು ಪ್ರತಿಯನ್ನು ಮಾಲೀಕರು ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮುಂದಿನ ಮಾರಾಟದ ಮೇಲೆ ಅವರ ಹಿಡಿತ ಮುಗಿಯಿತು.

ಪುಸ್ತಕದ ಬಗ್ಗೆ ನಮ್ಮ ಕಾಯ್ದೆಯ 14ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ವಿಷಯದಲ್ಲಿ ಮಾತ್ರ ಕೆಲ ಕಾಲ ಬೇರೆ ಮಾತಿತ್ತು. 1994ರ ತಿದ್ದುಪಡಿಯಲ್ಲಿ, ಪ್ರತಿ ಈ ಮೊದಲೇ ಮಾರಾಟವಾಗಿದ್ದರೂ ಸರಿ, ಆಗದಿದ್ದರೂ ಸರಿ, ಮಾರುವ ಹಕ್ಕು ಕಾಪಿರೈಟ್ ಮಾಲೀಕರದ್ದೇ ಎನ್ನುವ ಅರ್ಥದ ಸಾಲು ಸೇರಿಸಿದ್ದರು. ಆ ಸಾಲು ಹಾಗೇ ಉಳಿದಿದ್ದರೆ ಹಳೆ ಕಂಪ್ಯೂಟರ್ ವ್ಯಾಪಾರಕ್ಕೆ ದೊಡ್ಡ ತೊಡಕಾಗುತ್ತಿತ್ತು. 1999ರ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಆ ಸಾಲು ತೆಗೆದದ್ದರ ಅರ್ಥವೇನು ಅನ್ನುವುದಕ್ಕೆ ಗಟ್ಟಿ ಉತ್ತರ ಬಂದದ್ದು ತೆರಿಗೆ ಕೇಸಿನಲ್ಲಿ. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಕಂಪನಿಯ ಹೆಸರಿನಲ್ಲಿ ಗುರುತಿಸುವ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ತೀರ್ಪು ಕೊಟ್ಟಿತು. ವಿದೇಶದಿಂದ ತಂದು ಮಾರುವ ಸಾಫ್ಟ್‌ವೇರ್‌ಗೆ ಕೊಡುವ ಹಣ ರಾಯಲ್ಟಿಯೋ (ಅಂದರೆ ಕಾಪಿರೈಟ್ ಬಳಸಿದ್ದಕ್ಕೆ ಕೊಡುವ ಹಣವೋ) ಅಲ್ಲವೋ ಎಂಬುದು ಪ್ರಶ್ನೆ. ಕಾಪಿರೈಟ್ ಬೇರೆ, ಕಾಪಿರೈಟ್ ಇರುವ ವಸ್ತು ಬೇರೆ, ವಸ್ತು ಮಾರಿದರೆ ಕಾಪಿರೈಟ್ ಮಾರಿದಂತಲ್ಲ ಎಂದು ಕೋರ್ಟ್ ಹೇಳಿತು. 1999ರಲ್ಲಿ ಆ ಸಾಲು ಬಿಟ್ಟದ್ದನ್ನು, ಮೊದಲ ಮಾರಾಟದೊಂದಿಗೆ ಹಕ್ಕು ತೀರುತ್ತದೆ ಎಂಬ ತತ್ವವನ್ನು ಕಾಯ್ದೆ ಒಪ್ಪಿಕೊಂಡಂತೆ ಓದಿತು. ತೆರಿಗೆಗಾಗಿ ಹುಟ್ಟಿದ ಈ ತೀರ್ಪು ಹಳೆ ಮಾಲಿನ ವ್ಯಾಪಾರಿಗೂ ಒಳ್ಳೆಯ ಆಸರೆ.

ಬಾಕ್ಸ್ ಮ್ಯಾಲೆ ‘ನಾಟ್ ಫಾರ್ ರೀಸೇಲ್’ ಅಂತ ಐತಲ್ರಿ, ಅದಕ್ಕೇನ್ ಮಾಡೋದು?

ಆ ಮಾಲು ಮೊದಲು ಮಾರಾಟವಾಗಿತ್ತಾ ಅನ್ನುವುದನ್ನು ನೋಡಿ. ಮಾರಾಟವಾಗಿದ್ದರೆ ಬಾಕ್ಸ್ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಮುಂದಿನವರ ಕೈ ಕಟ್ಟಲು ಆಗದು. ಅಮೆರಿಕದಲ್ಲಿ ಒಬ್ಬ ಪ್ರಕಾಶಕ, ಈ ಪುಸ್ತಕವನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರಿದರೆ ಕಾಪಿರೈಟ್ ಉಲ್ಲಂಘನೆ ಎಂದು ಒಳಪುಟದಲ್ಲಿ ಅಚ್ಚು ಹಾಕಿದ್ದ. 1908ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಆದರೆ ಕೆಲವು ಮಾಲು ಮಾರಾಟವೇ ಆಗಿರುವುದಿಲ್ಲ. ಪ್ರೊಸೆಸರ್‌ಗಳ ಎಂಜಿನಿಯರಿಂಗ್ ಸ್ಯಾಂಪಲ್ ತೆಗೆದುಕೊಳ್ಳಿ. ಲಾಟ್‌ನಲ್ಲಿ ಬಂದ ಪ್ರೊಸೆಸರ್ ಒರೆಸಿ ಬೆಳಕಿಗೆ ಹಿಡಿದರೆ ಮಾಮೂಲಿ ಮಾಡೆಲ್ ನಂಬರ್ ಇರುವ ಕಡೆ ‘ಇಂಟೆಲ್ ಕಾನ್ಫಿಡೆನ್ಶಿಯಲ್’ ಅಂತ ಇರುತ್ತದೆ, ಕೆಳಗೆ ಕ್ಯೂ ಅಕ್ಷರದಿಂದ ಶುರುವಾಗುವ ಕೋಡ್. ಅವು ಪರೀಕ್ಷೆಗೆಂದು ಎರವಲು ಕೊಟ್ಟವು, ಮಾಲೀಕತ್ವ ತನ್ನದೇ ಎಂಬುದು ಇಂಟೆಲ್‌ನ ನಿಲುವು. ಮೊದಲ ಮಾರಾಟವೇ ಇಲ್ಲದ ಕಡೆ ಮೇಲಿನ ತತ್ವ ನಿಮ್ಮ ನೆರವಿಗೆ ಬರುವುದಿಲ್ಲ. ಅಂಥದ್ದು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

## ಅಂಗಡಿಯಲ್ಲಿ ದಿನಾ ಏಳುವವು

ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸ್ ಹೊಸ ಗಿರಾಕಿಗೆ ಹೋಗುತ್ತಾ?

ಕಂಪನಿಯಿಂದಲೇ ವಿಂಡೋಸ್ ಹಾಕಿ ಬಂದ ಲ್ಯಾಪ್‌ಟಾಪ್ ಆದರೆ, ಆ ಲೈಸೆನ್ಸ್ ಆ ಯಂತ್ರಕ್ಕೆ ಅಂಟಿಕೊಂಡಿರುತ್ತದೆ. ಯಂತ್ರದ ಜೊತೆ ಅದೂ ಹೊಸಬರಿಗೆ ಹೋಗುತ್ತದೆ. ಹಳೆ ಯಂತ್ರಗಳಲ್ಲಿ ತಳಕ್ಕೆ ಸ್ಟಿಕ್ಕರ್ ಇರುತ್ತಿತ್ತು, ವಿಂಡೋಸ್ 8ರ ಕಾಲದಿಂದ ಕೀ ಬಯಾಸ್‌ನಲ್ಲೇ ಕೂತಿರುತ್ತದೆ. ಲೈಸೆನ್ಸ್ ಅನ್ನು ಮಾತ್ರ ಬೇರ್ಪಡಿಸಿ ಇನ್ನೊಂದು ಅಸೆಂಬಲ್ ಮಷಿನ್‌ಗೆ ಹಾಕಿ ಮಾರುವಂತಿಲ್ಲ. ಕಂಪನಿ, ಕಾಲೇಜುಗಳು ಸಗಟಾಗಿ ಪಡೆದ ಲೈಸೆನ್ಸ್ ಅಂತೂ ಹಳೆ ಯಂತ್ರದ ಜೊತೆ ಬರುವುದಿಲ್ಲ.

ಗಿರಾಕಿ ಕೇಳ್ತಾರ ಅಂತ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿ ಕೊಟ್ರ?

ದಯವಿಟ್ಟು ಬೇಡ. ಯಂತ್ರ ಮಾರುವ ಹಕ್ಕು ನಿಮ್ಮದು, ನಕಲು ಮಾಡುವ ಹಕ್ಕು ನಿಮ್ಮದಲ್ಲ. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ನಕಲಿ ಎಂದು ಗೊತ್ತಿದ್ದೂ ಬಳಸುವವರಿಗೆ 63ಬಿ ಸೆಕ್ಷನ್ ಬೇರೆ ಇದೆ. ಖಾಲಿ ಯಂತ್ರ ಕೊಡಿ, ಇಲ್ಲವೇ ವಿಂಡೋಸ್ ಬದಲು ಉಚಿತವಾಗಿ ಸಿಗುವ ಉಬುಂಟು ಹಾಕಿ ಕೊಡಿ. ಕನ್ನಡ ಟೈಪಿಂಗ್ ಅದರಲ್ಲೂ ಚೆನ್ನಾಗಿ ಬರುತ್ತದೆ.

ನಮ್ಮ ಪ್ರೆಸ್ ಮುಚ್ಚುತ್ತಿದ್ದೇವೆ. ಕನ್ನಡ ಡಿಟಿಪಿ ಸಾಫ್ಟ್‌ವೇರ್ ಡಾಂಗಲ್ ಸಮೇತ ಕಂಪ್ಯೂಟರ್ ಮಾರಬಹುದಾ?

ಗದಗಿನ ಕಡೆಯಿಂದ ಹೆಚ್ಚಾಗಿ ಬರುವ ಪ್ರಶ್ನೆ. ಡಾಂಗಲ್ ಅನ್ನುವ ಸಣ್ಣ ಕೀಲಿಯನ್ನು ಕಂಪ್ಯೂಟರಿಗೆ ಚುಚ್ಚಿದರೆ ಮಾತ್ರ ಅಕ್ಷರ ಮೂಡುವ ಸಾಫ್ಟ್‌ವೇರ್‌ಗಳಿವು. ಯಂತ್ರದ ಬೆಲೆಗಿಂತ ಡಾಂಗಲ್ ಬೆಲೆಯೇ ಜಾಸ್ತಿ ಇರುವುದುಂಟು.

ಸಿಡಿಯಲ್ಲಿ ಹಾಕಿ ಮಾರುವ ಸಾಫ್ಟ್‌ವೇರ್ ಸರಕೇ ಎಂದು 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2021ರ ತೀರ್ಪೂ ನಿಮ್ಮ ಕಡೆ ವಾಲುತ್ತದೆ. ಆದರೆ ಡಬ್ಬಿಯೊಳಗಿನ ಲೈಸೆನ್ಸ್ ಪತ್ರದಲ್ಲಿ ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಎಂದು ಬರೆದಿದ್ದರೆ ಅದು ನಿಮಗೂ ಕಂಪನಿಗೂ ನಡುವಿನ ಒಪ್ಪಂದ. ಇಂಥ ಜಗಳದಲ್ಲಿ ಬೇರೆ ದೇಶಗಳ ಕೋರ್ಟುಗಳೇ ಒಂದು ಮಾತು ಹೇಳಿಲ್ಲ. 2010ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟ್ ಆಟೋಡೆಸ್ಕ್ ಪರವಾಗಿ, ಇದು ಲೈಸೆನ್ಸ್, ಮಾರಾಟವಲ್ಲ ಎಂದಿತು. 2012ರಲ್ಲಿ ಐರೋಪ್ಯ ನ್ಯಾಯಾಲಯ ಒರಾಕಲ್ ವಿರುದ್ಧ, ಕಾಲಮಿತಿ ಇಲ್ಲದ ಲೈಸೆನ್ಸ್‌ಗೆ ಹಣ ಪಡೆದರೆ ಅದು ಮಾರಾಟವೇ ಎಂದಿತು. ನನಗೆ ಐರೋಪ್ಯ ನ್ಯಾಯಾಲಯದ ಮಾತೇ ಸರಿ ಕಾಣುತ್ತದೆ. ಪೂರ್ತಿ ಹಣ ಒಮ್ಮೆಗೇ ಎಣಿಸಿಕೊಂಡು, ಆಮೇಲೆ ಇದು ಬರೀ ಬಳಕೆಗೆ ಕೊಟ್ಟದ್ದು ಅನ್ನುವುದು ನ್ಯಾಯವಲ್ಲ.

ಕೋರ್ಟ್ ಮೆಟ್ಟಿಲು ಹತ್ತದೆ ಕೆಲಸ ಆಗಬೇಕೆಂದರೆ ಕಂಪನಿಗೆ ಒಂದು ಪತ್ರ ಬರೆದು ಹೊಸ ಮಾಲೀಕರ ಹೆಸರಿಗೆ ಮಾಡಿಸಿಕೊಳ್ಳಿ. ಡಾಂಗಲ್, ಮೂಲ ಸಿಡಿ, ಬಿಲ್ ಮೂರೂ ಒಟ್ಟಿಗೆ ಕೊಡಿ. ನಿಮ್ಮ ಉಳಿದ ಯಂತ್ರಗಳಿಂದ ಆ ಸಾಫ್ಟ್‌ವೇರ್ ತೆಗೆದುಹಾಕಿ. ಡಾಂಗಲ್ ಇಲ್ಲದೆ ನಡೆಯುವಂತೆ ಮಾಡಿದ ಪ್ರತಿಯನ್ನು ಮಾತ್ರ ಯಾರಿಗೂ ಕೊಡಬೇಡಿ, ಅದು ನೇರ ಉಲ್ಲಂಘನೆ.

ಸೆಕೆಂಡ್ ಹ್ಯಾಂಡ್ ಅಂದ ಕೂಡಲೇ ವಾರಂಟಿ ಇಲ್ಲ ಅಂತಾರೆ. ಇದೂ ಮಾರಾಟ ತಡೆದ ಹಾಗೇ ಅಲ್ವಾ?

ವ್ಯಾಪಾರದಲ್ಲಿ ಪೆಟ್ಟು ಕೊಡುವುದು ಇದೇ. ಕಂಪನಿಗಳು ಮಾರಬೇಡ ಅನ್ನುವುದು ಕಡಿಮೆ. ವಾರಂಟಿ, ಅಪ್‌ಡೇಟ್, ಸರ್ವಿಸ್ ಮೂರನ್ನೂ ಹಿಂದಕ್ಕೆ ಎಳೆದುಕೊಂಡರೆ ಹಳೆ ಮಾಲಿನ ಬೆಲೆ ತಾನಾಗಿ ಇಳಿಯುತ್ತದೆ. ವಾರಂಟಿ ಒಪ್ಪಂದದ ವಿಷಯ, ಮೊದಲ ಕೊಳ್ಳುಗರಿಗೆ ಮಾತ್ರ ಎಂದು ಬರೆದಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಸೀರಿಯಲ್ ನಂಬರ್ ಆಧಾರದ ವಾರಂಟಿಯಾದರೆ ಯಾರ ಕೈಯಲ್ಲಿದ್ದರೂ ಸಿಗುತ್ತದೆ, ಮೂಲ ಬಿಲ್ ಜೋಪಾನವಾಗಿರಲಿ.

ಆದರೂ ಕಂಪನಿ ಮನಬಂದಂತೆ ಮಾಡುವ ಹಾಗಿಲ್ಲ. ಇಂಟೆಲ್ 2016ರಿಂದ ಭಾರತಕ್ಕೆ ಬೇರೆಯೇ ವಾರಂಟಿ ನೀತಿ ತಂದಿತು. ಇಲ್ಲಿನ ಅಧಿಕೃತ ವಿತರಕರಿಂದ ಕೊಂಡ ಪ್ರೊಸೆಸರ್‌ಗೆ ಮಾತ್ರ ಇಲ್ಲಿ ವಾರಂಟಿ ಇತ್ತು. ಹೊರದೇಶದಿಂದ ತಂದ ಅದೇ ಅಸಲಿ ಪ್ರೊಸೆಸರ್‌ಗೆ ಇರಲಿಲ್ಲ. ಒಬ್ಬ ವ್ಯಾಪಾರಿ ಸಂಸ್ಥೆ ದೂರು ಕೊಟ್ಟಿತು. ಮೇಲ್ನೋಟಕ್ಕೆ ದೂರಿನಲ್ಲಿ ಹುರುಳಿದೆ ಎಂದು ಭಾರತೀಯ ಸ್ಪರ್ಧಾ ಆಯೋಗ 2019ರಲ್ಲಿ ತನಿಖೆಗೆ ಆದೇಶಿಸಿತು. ಗಿರಾಕಿಯಾಗಿ ನಿಮಗೆ ಅನ್ಯಾಯವಾಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಬಯಾಸ್ ಲಾಕ್ ಇರುವ ಲ್ಯಾಪ್‌ಟಾಪ್ ಬರ್ತಾವ. ಲಾಕ್ ತೆಗೆದು ಮಾರಬಹುದಾ?

ಲಾಕ್ ಯಾಕೆ ಇದೆ ಅನ್ನುವುದನ್ನು ಮೊದಲು ಕೇಳಿ. ಕಂಪನಿಯವರು ಮಾರುವಾಗ ತೆಗೆಯಲು ಮರೆತಿರಬಹುದು. ಕದ್ದ ಮಾಲೂ ಆಗಿರಬಹುದು. ಕದ್ದದ್ದು ಎಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಬೀಳುತ್ತದೆ. ಕಂಪನಿಯಿಂದ ಬಂದ ಲಾಟ್ ಆದರೆ ಸೀರಿಯಲ್ ನಂಬರ್ ಸಮೇತ ಮಾರಾಟ ಪತ್ರ ಕೇಳಿ. ಆಗ ಲಾಕ್ ಅನ್ನು ಅವರಿಂದಲೇ ತೆಗೆಸಬಹುದು.

ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಬಂದ 65ಎ ಸೆಕ್ಷನ್ ಪ್ರಕಾರ, ಕಾಪಿರೈಟ್ ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಲಾಕ್ ಮುರಿದರೆ 2 ವರ್ಷದವರೆಗೆ ಜೈಲು ಮತ್ತು ದಂಡ. ಆ ಉದ್ದೇಶ ಇಲ್ಲದಿದ್ದರೆ ಸೆಕ್ಷನ್ ಅನ್ವಯವಾಗುವುದಿಲ್ಲ. ಆದರೆ ಬೇರೆಯವರಿಗಾಗಿ ಲಾಕ್ ತೆಗೆದುಕೊಡುವವರು ಅವರ ಹೆಸರು, ವಿಳಾಸ, ಕಾರಣ ಬರೆದಿಡಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ರಿಪೇರಿ ಅಂಗಡಿಯವರು ಒಂದು ರಿಜಿಸ್ಟರ್ ಇಡಿ. ಇದನ್ನು ಮಾಡುವವರು ನಮ್ಮ ಕಡೆ ತೀರಾ ಕಡಿಮೆ.

ಕಾರ್ಟ್ರಿಡ್ಜ್ ರೀಫಿಲ್ ಮಾಡಿ ಮಾರೋದು?

ಅಮೆರಿಕದಲ್ಲಿ ಪ್ರಿಂಟರ್ ತಯಾರಿಸುವ ಲೆಕ್ಸ್‌ಮಾರ್ಕ್ ಕಂಪನಿ ಇದೇ ವಿಷಯಕ್ಕೆ ಎರಡು ಸಲ ಸೋತಿದೆ. 2004ರಲ್ಲಿ ಟೋನರ್ ಚಿಪ್‌ನ ಪ್ರೋಗ್ರಾಂ ಕಾಪಿರೈಟ್ ಮುಂದಿಟ್ಟು, 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನಲ್ಲಿ ಪೇಟೆಂಟ್ (ಹೊಸ ಆವಿಷ್ಕಾರದ ಮೇಲಿನ ಹಕ್ಕು) ಮುಂದಿಟ್ಟು. ಮಾರಿದ ಮೇಲೆ ಕಾರ್ಟ್ರಿಡ್ಜ್ ಮೇಲಿನ ಪೇಟೆಂಟ್ ಹಕ್ಕು ತೀರಿತು ಎಂದು ಎರಡನೆಯದು ಹೇಳಿತು. ಅಲ್ಲಿನ ತೀರ್ಪಿಗೆ ಇಲ್ಲಿನ ಕೋರ್ಟ್ ಬದ್ಧವಲ್ಲ, ಆದರೆ ವಕೀಲರು ಎತ್ತಿ ತೋರಿಸಬಹುದು. ರೀಫಿಲ್ ಮಾಡಿದ್ದನ್ನು ಕಂಪನಿಯ ಡಬ್ಬಿಗೆ ಹಾಕಿ ಸೀಲ್ ಪ್ಯಾಕ್ ಎಂದು ಮಾರಿದರೆ ಮಾತ್ರ ಯಾವ ತೀರ್ಪೂ ಕಾಪಾಡುವುದಿಲ್ಲ.

## ವ್ಯಾಪಾರ ದೊಡ್ಡದಾದಾಗ

ರಿಫರ್ಬಿಶ್ಡ್ ಹಾರ್ಡ್ ಡಿಸ್ಕ್ ಮಾರಿದ್ದಕ್ಕೆ ಕಂಪನಿಗಳು ಕೇಸ್ ಹಾಕಿದ್ವಂತೆ. ಏನಾಯ್ತು?

ಹಳೆ ಮಾಲು ಮಾರುವವರು ಗಮನವಿಟ್ಟು ತಿಳಿಯಬೇಕಾದ ಕೇಸ್ ಇದು. ಸೀಗೇಟ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳ ಹಳೆ ಹಾರ್ಡ್ ಡಿಸ್ಕ್‌ಗಳನ್ನು ಕೆಲವರು ತರಿಸಿ, ಸರಿಮಾಡಿ, ಮೂಲ ಹೆಸರು ತೆಗೆದು, ತಮ್ಮ ಬ್ರ್ಯಾಂಡ್ ಲೇಬಲ್ ಅಂಟಿಸಿ ಮಾರುತ್ತಿದ್ದರು. ಎರಡೂ ಕಂಪನಿಗಳು ದೆಹಲಿ ಹೈಕೋರ್ಟ್‌ಗೆ ಹೋದವು. 2024ರ ಮೇ ತಿಂಗಳಲ್ಲಿ ತೀರ್ಪು ಬಂತು.

ಕೋರ್ಟ್ ಈ ವ್ಯಾಪಾರ ನಿಲ್ಲಿಸಲಿಲ್ಲ. ಆದರೆ ಕಣ್ಣಿಗೆ ಬೀಳುವಂತೆ ನಿಜ ಬರೆಯಿರಿ ಎಂದಿತು. ಮೂಲ ತಯಾರಕರು ಯಾರು ಅನ್ನುವುದು ಪ್ಯಾಕ್ ಮೇಲಿರಬೇಕು. ಅವರ ಹೆಸರನ್ನು ಅಕ್ಷರದಲ್ಲಿ ಬರೆಯಬಹುದು, ಲೋಗೋ ಹಾಕಬಾರದು. ಮೂಲ ತಯಾರಕರ ವಾರಂಟಿ, ಸರ್ವಿಸ್ ಇಲ್ಲ ಎಂದಿರಬೇಕು. ಬಳಸಿದ್ದು, ರಿಫರ್ಬಿಶ್ ಮಾಡಿದ್ದು ಎಂದು ಸ್ಪಷ್ಟವಾಗಿರಬೇಕು. ಜಾಹೀರಾತಿಗೂ ಇದೇ ಮಾತು.

ಇಲ್ಲಿ ಜಗಳ ನಡೆದದ್ದು ಟ್ರೇಡ್‌ಮಾರ್ಕ್ ಮೇಲೆ, ಅಂದರೆ ಬ್ರ್ಯಾಂಡಿನ ಹೆಸರು, ಲೋಗೋ ಮೇಲಿನ ಹಕ್ಕಿನ ಮೇಲೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30ನೇ ಸೆಕ್ಷನ್ ನ್ಯಾಯವಾಗಿ ಕೊಂಡ ಮಾಲನ್ನು ಮತ್ತೆ ಮಾರಲು ಬಿಡುತ್ತದೆ. ಆದರೆ ಮಾಲಿನ ಸ್ಥಿತಿ ಬದಲಾಗಿದ್ದರೆ ಕಂಪನಿ ಅಡ್ಡ ಬರಬಹುದು. ಹಾಗಾಗಿ ಅಂಗಡಿಯಲ್ಲಿ ಡಿಸ್ಕ್ ಕೊಡುವ ಮುಂಚೆ ಗಿರಾಕಿಯ ಎದುರೇ ಡಿಸ್ಕ್ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪ್ರೋಗ್ರಾಂ ತೆರೆದು ಎಷ್ಟು ತಾಸು ಓಡಿದೆ ತೋರಿಸಿ, ಆ ಅಂಕಿಯನ್ನು ಬಿಲ್‌ನಲ್ಲೇ ಬರೆಯಿರಿ. ತಾಸಿನ ಲೆಕ್ಕವನ್ನು ಸೊನ್ನೆ ಮಾಡಿ ಮಾರುವವರಿದ್ದಾರೆ. ಓದುವ ಹುಡುಗನ ಇಡೀ ವರ್ಷದ ನೋಟ್ಸ್ ಅದರಲ್ಲಿರುತ್ತದೆ ಅನ್ನುವುದು ಅವರಿಗೆ ಹೊಳೆಯಬೇಕು.

ಹೊರದೇಶದಿಂದ ಅಸಲಿ ಮಾಲು ಅಗ್ಗಕ್ಕೆ ತಂದು ಮಾರಿದ್ರ ತಪ್ಪಾ?

ಸ್ಯಾಮ್‌ಸಂಗ್ ಪ್ರಿಂಟರ್‌ಗಳ ಬಗ್ಗೆ ಇದೇ ಪ್ರಶ್ನೆ ದೆಹಲಿ ಹೈಕೋರ್ಟ್‌ಗೆ ಹೋಗಿತ್ತು. 2012ರಲ್ಲಿ ದ್ವಿಸದಸ್ಯ ಪೀಠ, ಜಗತ್ತಿನ ಯಾವ ಮೂಲೆಯಲ್ಲಿ ಮೊದಲು ಮಾರಾಟವಾಗಿದ್ದರೂ ಟ್ರೇಡ್‌ಮಾರ್ಕ್ ಹಕ್ಕು ತೀರಿತು ಎಂದಿತು. ಕಂಪನಿಯ ವಾರಂಟಿ ಇಲ್ಲದ ಆಮದು ಮಾಲು ಎಂದು ಅಂಗಡಿಯಲ್ಲಿ ಫಲಕ ಹಾಕಬೇಕು ಎಂದೂ ಹೇಳಿತು. ಆದರೆ ಬಳಸಿದ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಆಮದಿಗೆ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧವಿದೆ. ಅದು ಸರ್ಕಾರದ ನಿಯಮ, ತಯಾರಕರನ್ನು ಒಪ್ಪಿಸಿದರೂ ತಪ್ಪುವುದಿಲ್ಲ.

ಮುಚ್ಚಿದ ಆಫೀಸಿನ ನೆಟ್‌ವರ್ಕ್ ಸ್ವಿಚ್ ತಗೊಂಡ್ವಿ. ಲೈಸೆನ್ಸ್ ನಿಮ್ಮದಲ್ಲ ಅಂತಾರಲ್ಲ?

ಇಂಥ ಸ್ವಿಚ್ ತಯಾರಿಸುವ ಸಿಸ್ಕೋದಂಥ ಕಂಪನಿಗಳ ನಿಲುವು ಇದು. ಡಬ್ಬ ನಿಮ್ಮದು, ಒಳಗಿನ ಸಾಫ್ಟ್‌ವೇರ್ ಲೈಸೆನ್ಸ್ ಮೊದಲ ಮಾಲೀಕರದ್ದು. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ಪ್ರೋಗ್ರಾಂನ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು ಅದನ್ನು ಯಾವ ಕೆಲಸಕ್ಕೆ ಕೊಟ್ಟಿತ್ತೋ ಆ ಕೆಲಸಕ್ಕೆ ಬಳಸಲು ಪ್ರತಿ ಮಾಡಿಕೊಳ್ಳಬಹುದು ಎನ್ನುತ್ತದೆ. ಸ್ವಿಚ್ ಜೊತೆಯಲ್ಲೇ ಬಂದ ಸಾಫ್ಟ್‌ವೇರ್ ಓಡಿಸಲು ಇದು ಒಳ್ಳೆಯ ವಾದ. ಹೊಸ ಅಪ್‌ಡೇಟ್ ಕೊಡು ಎಂದು ಒತ್ತಾಯಿಸಲು ಆಗದು. ಬ್ಯಾಂಕ್, ಆಸ್ಪತ್ರೆಗೆ ಹಾಕುವುದಾದರೆ ಅಪ್‌ಡೇಟ್ ಇಲ್ಲದ ಸ್ವಿಚ್ ಬೇಡವೇ ಬೇಡ.

ಹಳೆ ಜಿಫೋರ್ಸ್ ಕಾರ್ಡ್ ತಂದು ಎಐ ಕೆಲಸಕ್ಕೆ ಸರ್ವರ್ ಮಾಡಿದ್ದೇವೆ. ಎನ್‌ವಿಡಿಯಾ ಬೇಡ ಅನ್ನಬಹುದಾ?

ಜಿಫೋರ್ಸ್ ಅನ್ನುವುದು ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಬಗ್ಗೆ ಕಂಪನಿ ಏನೂ ಅನ್ನಲಾರದು. ಅದನ್ನು ನಡೆಸುವ ಪ್ರೋಗ್ರಾಂ ಆದ ಡ್ರೈವರ್ ಬಗ್ಗೆ ಅನ್ನಬಹುದು. 2017ರ ಕೊನೆಯಲ್ಲಿ ಎನ್‌ವಿಡಿಯಾ ಜಿಫೋರ್ಸ್ ಡ್ರೈವರ್‌ನ ಲೈಸೆನ್ಸ್ ಬದಲಿಸಿ, ಡೇಟಾ ಸೆಂಟರ್‌ನಲ್ಲಿ ಬಳಸುವಂತಿಲ್ಲ ಎಂದು ಸೇರಿಸಿತು. ವಸ್ತುವನ್ನು ತಡೆಯಲಾಗದ ಕಡೆ, ಅದು ನಡೆಯಲು ಬೇಕಾದ ಪ್ರೋಗ್ರಾಂನ ಡೌನ್‌ಲೋಡ್ ಒಪ್ಪಂದದ ಮೂಲಕ ತಡೆಯುವ ದಾರಿ ಇದು. ಆ ಒಪ್ಪಂದಕ್ಕೆ ಒಪ್ಪಿಗೆ ಒತ್ತುವವರು ನೀವೇ ಆಗಿರುವುದರಿಂದ ಅದು ನಿಮ್ಮನ್ನು ಹಿಡಿಯುತ್ತದೆ. ಕಾಲೇಜಿನ ಲ್ಯಾಬ್‌ನ ಒಂದೆರಡು ಯಂತ್ರ ಡೇಟಾ ಸೆಂಟರ್ ಅಲ್ಲ ಎಂದು ವಾದಿಸಬಹುದು. ಬಾಡಿಗೆಗೆ ಕೊಡುವ ಸರ್ವರ್ ಸಾಲು ಹಾಕುವವರು ಲೈಸೆನ್ಸ್ ಓದಿಯೇ ಹಣ ಹೂಡಲಿ.

ನಾನು ಅಧಿಕೃತ ಡೀಲರ್. ಇಷ್ಟೇ ರೇಟಿಗೆ, ಈ ಜಿಲ್ಲೆಯೊಳಗೇ ಮಾರಬೇಕು ಅಂತಾರೆ. ಸರೀನಾ?

ನೀವು ಸಹಿ ಹಾಕಿದ್ದೀರಿ, ಹಾಗಾಗಿ ಗಿರಾಕಿಗಿಂತ ನಿಮಗೆ ಬಿಗಿ ಜಾಸ್ತಿ. ಆದರೂ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್, ಮರುಮಾರಾಟದ ಬೆಲೆ ಕಟ್ಟುವುದನ್ನೂ ಪ್ರದೇಶ ಹಂಚುವುದನ್ನೂ ಅನುಮಾನದಿಂದ ನೋಡುತ್ತದೆ. ಸ್ಪರ್ಧೆಗೆ ಧಕ್ಕೆಯಾಗಿದೆ ಎಂದು ತೋರಿಸಬೇಕು. ಬಿಡಿಭಾಗಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿ ದಂಡ ಹಾಕಿತ್ತು. ಬೌದ್ಧಿಕ ಆಸ್ತಿ ಇದೆ ಎಂಬ ವಾದ ಅಲ್ಲಿ ಅವರನ್ನು ಉಳಿಸಲಿಲ್ಲ.

ಹಳೆ ಮಾಲಿಗೆ ಜಿಎಸ್‌ಟಿ, ಇ-ತ್ಯಾಜ್ಯ ನಿಯಮ ಏನಾದ್ರೂ ಇದಾವಾ?

ಇವೆ. ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ (ಕೊಟ್ಟ ತೆರಿಗೆಯ ವಜಾ) ಪಡೆಯದಿದ್ದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲಷ್ಟೇ ಜಿಎಸ್‌ಟಿ ಕಟ್ಟುವ ದಾರಿ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಡಿ ರಿಫರ್ಬಿಶ್ ಮಾಡಿ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಿಮ್ಮ ಆಡಿಟರ್ ಹತ್ತಿರ ಎರಡನ್ನೂ ಒಮ್ಮೆ ಮಾತಾಡಿ.

ಕಂಪನಿ ಕಡೆಯಿಂದ ಲೀಗಲ್ ನೋಟಿಸ್ ಬಂದೈತ್ರಿ. ಅಂಗಡಿ ಬಾಗಲಾ ಹಾಕ್ಬೇಕೇನು?

ಗಾಬರಿ ಬೇಡ. ನೋಟಿಸ್ ಅಂದರೆ ಕೋರ್ಟ್ ಆದೇಶವಲ್ಲ. ಕಾಪಿರೈಟ್, ಟ್ರೇಡ್‌ಮಾರ್ಕ್, ಪೇಟೆಂಟ್, ಈ ಮೂರರಲ್ಲಿ ಯಾವುದನ್ನು ಹಿಡಿದು ಬರೆದಿದ್ದಾರೆ ನೋಡಿ. ಎಲ್ಲವನ್ನೂ ಕಲಸಿ ಬರೆದಿದ್ದರೆ ಬರೀ ಹೆದರಿಸಲು ಬರೆದಿರುವ ಸಾಧ್ಯತೆ ಜಾಸ್ತಿ. ಜೊತೆಗೆ ಕಳಿಸಿದ ಮುಚ್ಚಳಿಕೆ ಪತ್ರಕ್ಕೆ ಗಡಿಬಿಡಿಯಲ್ಲಿ ಸಹಿ ಹಾಕಬೇಡಿ. ಇನ್ನು ಮುಂದೆ ಆ ಕಂಪನಿಯ ಮಾಲನ್ನೇ ಮುಟ್ಟುವುದಿಲ್ಲ ಎಂಬ ಸಾಲು ಅದರಲ್ಲಿ ಇರಬಹುದು. ಹಾಗೆ ಸಹಿ ಹಾಕಿದರೆ ಕಾಯ್ದೆ ಕೊಟ್ಟ ಹಕ್ಕನ್ನು ನೀವೇ ಬಿಟ್ಟುಕೊಟ್ಟಂತೆ.

ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತಂದ ಮಾಲೇ ಇರಲಿ, ಹರಾಜಿನಲ್ಲಿ ಹಿಡಿದದ್ದೇ ಇರಲಿ, ಖರೀದಿ ಬಿಲ್ ಹುಡುಕಿ ತೆಗೆಯಿರಿ. ಲೇಬಲ್‌ಗಳ ಫೋಟೋ ತೆಗೆದಿಡಿ. ವಕೀಲರ ಮೂಲಕ ಉತ್ತರ ಕೊಡಿ. ಆಧಾರವಿಲ್ಲದೆ ಕೇಸ್ ಹಾಕುತ್ತೇವೆ ಎಂದು ಬೆದರಿಸಿದವರ ಮೇಲೆ ನೀವೇ ದಾವೆ ಹೂಡಲು ಕಾಪಿರೈಟ್ ಕಾಯ್ದೆಯ 60ನೇ ಸೆಕ್ಷನ್, ಟ್ರೇಡ್‌ಮಾರ್ಕ್ ಕಾಯ್ದೆಯ 142ನೇ ಸೆಕ್ಷನ್ ಅವಕಾಶ ಕೊಡುತ್ತವೆ. ಬೆದರಿಕೆ ನಿಲ್ಲಿಸುವಂತೆ ಆದೇಶ ಕೇಳಬಹುದು, ನಷ್ಟ ಪರಿಹಾರವನ್ನೂ ಕೇಳಬಹುದು. ಅವರು ನಿಜವಾಗಿ ಕೇಸ್ ಹಾಕಿ ನಡೆಸಿದರೆ ಈ ದಾರಿ ಮುಚ್ಚುತ್ತದೆ, ಆಗ ನಿಮ್ಮ ಬಿಲ್‌ಗಳೇ ಮಾತಾಡಬೇಕು.